ಮೈಲುತುತ್ತಿನ ಡ್ರಮ್ಮಿಗೆ ಬಿದ್ದ ಫೋನು

2025ರಲ್ಲಿ ಕೇರಳಕ್ಕೆ ಮಳೆಗಾಲ ಮೇ 24ಕ್ಕೇ ಬಂತು. ಜೂನ್ 1ಕ್ಕೆ ಹಿಡಿಯಬೇಕಾದ ಮಳೆ ಒಂದು ವಾರ ಮೊದಲೇ ಹಿಡಿದದ್ದರಿಂದ ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯ ಅಡಿಕೆಯವರ ಲೆಕ್ಕಾಚಾರ ಎಲ್ಲ ತಲೆಕೆಳಗಾಯಿತು. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮದ್ದು ಬಿಡಲು ಎರಡು ದಿನ ಬಿಸಿಲು ಸಿಕ್ಕಿದರೆ ಸಾಕು ಅಂತ ಆಕಾಶ ನೋಡುತ್ತಾ ಕೂತಿದ್ದೆವು. ಜುಲೈಯಲ್ಲಿ ಒಂದು ಬೆಳಿಗ್ಗೆ ಮೋಡ ಹರಿಯಿತು. ಮದ್ದು ಬಿಡುವವರು ಏಳು ಗಂಟೆಗೇ ಬಂದರು. ನಾನು ಗಡಿಬಿಡಿಯಲ್ಲಿ ಆ ಮದ್ದು, ಅಂದರೆ ಬೋರ್ಡೋ ದ್ರಾವಣ, ಕಲಸಲು ಹೊರಟೆ.

ಒಂದು ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಸುಣ್ಣ ಸಾಕಾಯಿತಾ ಅಂತ ನೋಡಲು ಕತ್ತಿಯ ತುದಿಯನ್ನು ಅದರಲ್ಲಿ ಅದ್ದುತ್ತೇವೆ. ಕಬ್ಬಿಣಕ್ಕೆ ಕೆಂಪು ಹತ್ತಿದರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಅಂತ ಅರ್ಥ, ಸುಣ್ಣ ಇನ್ನಷ್ಟು ಬೇಕು. ಹಾಗೆ ಬಗ್ಗಿ ಕತ್ತಿ ಅದ್ದುವಾಗ ಅಂಗಿ ಕಿಸೆಯಿಂದ ಫೋನು ಜಾರಿತು. ದೊಡ್ಡ ಸದ್ದೂ ಇಲ್ಲ. ಬುಳುಕ್ ಅಂತ ಒಂದು, ನೀಲಿ ನೀರಿನ ಮೇಲೆ ಎರಡು ಗುಳ್ಳೆ. ಭುಜದವರೆಗೆ ಕೈ ಹಾಕಿ, ತಡಕಿ, ಎತ್ತುವಷ್ಟರಲ್ಲಿ ಅರ್ಧ ನಿಮಿಷ ಆಗಿರಬೇಕು. ಕತ್ತಿಗೆ ಕೆಂಪು ಹತ್ತಿರಲಿಲ್ಲ. ಮದ್ದು ಸರಿ ಇತ್ತು!

ಸ್ಕ್ರೀನ್ ಇನ್ನೂ ಬೆಳಗುತ್ತಿತ್ತು. ಅದನ್ನು ನೋಡಿ ಖುಷಿಯಾಗಿ, ಪರೀಕ್ಷೆಗೆಂದು ಮನೆಗೊಂದು ಕರೆ ಮಾಡಿದೆ. ಅದೇ ಮೊದಲ ತಪ್ಪು. ನೀರು ಹೋದ ಫೋನನ್ನು ಕೂಡಲೇ ಆಫ್ ಮಾಡಬೇಕು. ಬ್ಯಾಟರಿಯ ಕರೆಂಟು ಹರಿಯುತ್ತಿರುವಾಗ ಉಪ್ಪು, ಲೋಹ ಕರಗಿದ ನೀರು ಒಳಗಿದ್ದರೆ ಸಣ್ಣ ಸಣ್ಣ ಪಿನ್ನುಗಳನ್ನು ಅದು ತಿನ್ನುತ್ತಾ ಹೋಗುತ್ತದೆ. ಬಾವಿಯ ನೀರಿಗಿಂತ ನಮ್ಮ ಮದ್ದು ಎಷ್ಟು ಪಾಲು ಕೆಟ್ಟದ್ದು ಅಂತ ಬೇರೆ ಹೇಳಬೇಕಾಗಿಲ್ಲ.

ಮನೆಗೆ ಬಂದರೆ ಅಮ್ಮ ಅಕ್ಕಿ ಡಬ್ಬ ಹಿಡಿದು ನಿಂತಿದ್ದರು. ಬೆಳ್ತಿಗೆಯೋ ಕುಚ್ಚಲೋ ಅನ್ನುವುದೊಂದೇ ಅವರ ಸಂಶಯ. ಅಕ್ಕಿಯಲ್ಲಿ ಹುಗಿಯುವುದರಿಂದ ಪ್ರಯೋಜನ ಇಲ್ಲ. ಅಕ್ಕಿಯ ಪುಡಿ ಚಾರ್ಜಿಂಗ್ ತೂತಿನಲ್ಲಿ ಸಿಕ್ಕಿಕೊಂಡು ಇನ್ನೊಂದು ಕಿರಿಕಿರಿ. ಐಫೋನ್ ಮಾಡುವ ಆ್ಯಪಲ್ ಕಂಪನಿಯೂ ಅಕ್ಕಿಯಲ್ಲಿ ಇಡಬೇಡಿ ಅಂತಲೇ ತನ್ನ ಸಲಹೆಯಲ್ಲಿ ಬರೆದಿದೆ. ಅಮ್ಮನಿಗೆ ಅದನ್ನು ಹೇಳಿದೆ. "ಹಾಗಾದರೆ ಬಚ್ಚಲ ಒಲೆಯ ಹತ್ತಿರ ಇಡು" ಅಂದರು.

ಹತ್ತು ಗಂಟೆಗೆ ಫೋನು ತಾನಾಗಿಯೇ ಆರಿತು. ಹನ್ನೊಂದಕ್ಕೆ ಬದಿಯಡ್ಕದ ಒಂದು ರಿಪೇರಿ ಅಂಗಡಿಯಲ್ಲಿದ್ದೆ. ಹುಡುಗ ಸಿಮ್ ಟ್ರೇ ಎಳೆದು ಒಳಗೆ ಟಾರ್ಚು ಬಿಟ್ಟು ತೋರಿಸಿದ. ಅಲ್ಲೊಂದು ಸಣ್ಣ ಸ್ಟಿಕ್ಕರ್ ಇರುತ್ತದೆ, ಸಾಸಿವೆ ಕಾಳಿನಷ್ಟು. ಒಣಗಿದ್ದರೆ ಬಿಳಿ, ನೀರು ತಾಗಿದರೆ ಕೆಂಪು. ಅದು ಕೆಂಪಾಗಿತ್ತು. ಕತ್ತಿಗೆ ಹತ್ತದ ಕೆಂಪು ಅಲ್ಲಿ ಹತ್ತಿತ್ತು. ಸರ್ವೀಸ್ ಸೆಂಟರಿನವರು ಮೊದಲು ನೋಡುವುದೇ ಆ ಚುಕ್ಕಿಯನ್ನು. ಕೆಂಪಾಗಿದ್ದರೆ ಕಂಪನಿಯ ಒಂದು ವರ್ಷದ ವಾರಂಟಿ ಅಲ್ಲಿಗೆ ಮುಗಿಯಿತು.

"ಸುಣ್ಣ ಒಣಗಿದರೆ ಕಲ್ಲಾಗುತ್ತದೆ, ಈಗಲೇ ಬಿಚ್ಚಿ ತೊಳೆಯುವ" ಅಂದ ಹುಡುಗ. ನಾನು ಹ್ಞೂಂ ಅಂದೆ. ಹಿಂದಿನ ಮುಚ್ಚಳಕ್ಕೆ ಬಿಸಿ ಕೊಟ್ಟು ಎಬ್ಬಿಸಿ, ಬ್ಯಾಟರಿ ಬಿಡಿಸಿ, ಬೋರ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಬ್ರಶ್ ಹಾಕಿ ಉಜ್ಜಿದ. ಅವನ ಮೈಕ್ರೋಸ್ಕೋಪಿನ ಕೆಳಗೆ ಚಾರ್ಜಿಂಗ್ ಪಿನ್ನುಗಳ ಸುತ್ತ ಪಾಚಿಯಂಥ ಹಸಿರು ಕಂಡಿತು. ಮೂರೇ ಗಂಟೆಯಲ್ಲಿ ಅಷ್ಟು! ಸಂಜೆ ಫೋನು ಎದ್ದಿತು. ಒಂಬತ್ತು ದಿನ ಬದುಕಿತು. ಆ ಒಂಬತ್ತು ದಿನದಲ್ಲಿ ತೋಟದ ಲೆಕ್ಕ, ಅಪ್ಪನ ಕೊನೆಯ ವರ್ಷದ ಫೋಟೋ, ನಂಬರುಗಳು ಎಲ್ಲ ಹೊರಗೆ ತೆಗೆದುಕೊಂಡೆ.

ಇನ್ಶೂರೆನ್ಸ್ ನೆನಪಾದದ್ದು ಅದೇ ರಾತ್ರಿ.

ಹತ್ತು ತಿಂಗಳ ಹಿಂದೆ ಫೋನು ಕೊಳ್ಳುವಾಗ 17,499 ರೂಪಾಯಿಯ ಮೇಲೆ 1,399 ಕೊಟ್ಟು ಒಂದು ಪ್ಲಾನ್ ಹಾಕಿಸಿದ್ದೆ. "ಬಿದ್ದರೆ, ಒಡೆದರೆ, ನೀರಿಗೆ ಹೋದರೆ ಎಲ್ಲ ಸಿಗುತ್ತದೆ" ಅಂತ ಅಂಗಡಿಯವ ಹೇಳಿದ್ದ. ಸುಳ್ಳೇನಲ್ಲ. ಇಮೇಲಿನಲ್ಲಿ ಬಂದಿದ್ದ 11 ಪುಟ ಇಂಗ್ಲಿಷನ್ನು ಅವತ್ತು ಮೊದಲ ಸಲ ತೆರೆದೆ. ನೀರಿನ ಹಾನಿಗೆ ರಕ್ಷೆ ಇತ್ತು. 48 ಗಂಟೆಯೊಳಗೆ ತಿಳಿಸಬೇಕು ಅಂತಲೂ ಇತ್ತು. ಆರನೇ ಪುಟದಲ್ಲಿ ಇನ್ನೊಂದು ಸಾಲು: ಅಧಿಕೃತವಲ್ಲದ ಕಡೆ ಬಿಚ್ಚಿದ ಫೋನಿಗೆ ಏನೂ ಸಿಗುವುದಿಲ್ಲ.

ಮರುದಿನ ಕಸ್ಟಮರ್ ಕೇರಿಗೆ ಕರೆ ಮಾಡಿದೆ. ಕೇರಳದ ಸಿಮ್ ಅಲ್ವಾ, ದನಿ ಮಲಯಾಳದಲ್ಲೇ ಬಂತು. ನಮಗೆ ಕಾಸರಗೋಡಿನವರಿಗೆ ಅದು ತೊಂದರೆಯಲ್ಲ. ಮನೆಯಲ್ಲಿ ಕನ್ನಡ, ಕೆಲಸದವರ ಜೊತೆ ತುಳು, ಪೇಟೆಯಲ್ಲಿ ಮಲಯಾಳ ಅಂತ ಬದುಕುವವರು ನಾವು. ತೊಂದರೆ ಏನೆಂದರೆ ಆ ಹುಡುಗಿಗೆ ಮೈಲುತುತ್ತು ಅಂದರೆ ಏನಂತ ಯಾವ ಭಾಷೆಯಲ್ಲೂ ಹೇಳಲಾಗಲಿಲ್ಲ. ಕಡೆಗೆ "ವೆಳ್ಳಂ", ಅಂದರೆ ನೀರು, ಅಂತ ಬರೆದುಕೊಂಡಳು. ಕುಂಬಳೆಗೆ ಒಂದು ಬಸ್ಸು, ಅಲ್ಲಿಂದ ತಲಪಾಡಿ ದಾಟಿ ಮಂಗಳೂರಿಗೆ ಇನ್ನೊಂದು ಬಸ್ಸು ಹಿಡಿದು ಅಧಿಕೃತ ಸೆಂಟರಿಗೆ ಫೋನು ಕೊಟ್ಟು ಬಂದೆ. ಮುಚ್ಚಳದ ಅಂಟು ನೋಡಿದ ಕೂಡಲೇ ಅವರಿಗೆ ಗೊತ್ತಾಯಿತು. ನಾಲ್ಕು ದಿನಕ್ಕೆ ಕ್ಲೈಮ್ ತಿರಸ್ಕಾರ.

ಸಿಟ್ಟು ಬಂತು. ಆದರೆ ಯಾರ ಮೇಲೆ? ಹುಡುಗ ಮಾಡಿದ್ದು ಫೋನಿಗೆ ಸರಿಯಾದ ಚಿಕಿತ್ಸೆ. ಬಿಚ್ಚದೆ ಹಾಗೇ ಇಟ್ಟಿದ್ದರೆ ಕ್ಲೈಮ್ ಉಳಿಯುತ್ತಿತ್ತು, ಫೋಟೋಗಳು ಹೋಗುತ್ತಿದ್ದವು. ಬಿಚ್ಚಿದ್ದರಿಂದ ಫೋಟೋ ಉಳಿಯಿತು, ಕ್ಲೈಮ್ ಹೋಯಿತು. ಎರಡೂ ಒಟ್ಟಿಗೆ ಸಿಗುವುದಿಲ್ಲ. ಇದನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ. ಎಲ್ಲವೂ ಮೊದಲೇ ಬ್ಯಾಕಪ್ ಆಗಿದ್ದರೆ ಮಾತ್ರ ನೀವು ಫೋನನ್ನು ಕೈಕಟ್ಟಿ ಸಾಯಲು ಬಿಡಬಹುದು. ಬ್ಯಾಕಪ್ ಇಲ್ಲದವನ ಕೈಯಲ್ಲಿ ನೀರಿನ ಇನ್ಶೂರೆನ್ಸು ಇದ್ದೂ ಇಲ್ಲದ ಹಾಗೆ.

ದೂರು ಕೊಡುವ ದಾರಿಗಳನ್ನೂ ತಿಳಿದುಕೊಂಡೆ. ನಿಜವಾದ ಇನ್ಶೂರೆನ್ಸ್ ಪಾಲಿಸಿ ಆಗಿದ್ದರೆ ಮೊದಲು ಕಂಪನಿಗೇ ಬರೆಯಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಇಂಥ ದೂರು ಕೇಳಿ ತೀರ್ಮಾನಿಸುವ ಇನ್ಶೂರೆನ್ಸ್ ಓಂಬುಡ್ಸ್‌ಮನ್. ಬರೀ ರಕ್ಷಣಾ ಪ್ಲಾನ್ ಆಗಿದ್ದರೆ ಗ್ರಾಹಕ ಸಹಾಯವಾಣಿ 1915, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಅದಕ್ಕೂ ಮೇಲೆ ಜಿಲ್ಲಾ ಗ್ರಾಹಕ ಆಯೋಗ. ಕೊಂಡ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ನಾನು ಯಾವುದಕ್ಕೂ ಹೋಗಲಿಲ್ಲ. ಸಾಲು ಅಲ್ಲಿತ್ತು, ನಾನು ಓದಿರಲಿಲ್ಲ.

ಆಮೇಲೆ ಒಂದು ಲೆಕ್ಕ ಹಾಕಿದೆ. ಕ್ಲೈಮ್ ಸಿಕ್ಕಿದ್ದರೂ ನನಗೆ ಪೂರ್ತಿ ದುಡ್ಡು ಬರುತ್ತಿರಲಿಲ್ಲ. ನನ್ನ ಪ್ಲಾನಿನಲ್ಲಿ ಹತ್ತನೇ ತಿಂಗಳಿಗೆ ಶೇ. 30 ಸವಕಳಿ, ಅಂದರೆ ಫೋನು ಹಳೆಯದಾದದ್ದಕ್ಕೆ ಕಡಿತ. 17,499ರಲ್ಲಿ ಅದನ್ನು ಕಳೆದರೆ 12,249. ಫೈಲ್ ಚಾರ್ಜು 500. ಉಳಿಯುವುದು 11,749. ವರ್ಷಕ್ಕೆ 1,399ರ ಹಾಗೆ ಕಟ್ಟುತ್ತಾ ಹೋದರೆ ಎಂಟು ವರ್ಷಕ್ಕೊಮ್ಮೆಯಾದರೂ ಒಂದು ಫೋನು ಡ್ರಮ್ಮಿಗೆ ಬಿದ್ದರೆ ಸಮಸಮ. ಅದೂ ಕ್ಲೈಮ್ ಪಾಸಾದರೆ.

ನನ್ನ ಹಿಂದಿನ ಫೋನುಗಳು ಹೇಗೆ ಸತ್ತವು ಅಂತಲೂ ನೆನಪು ಮಾಡಿಕೊಂಡೆ. ಒಂದರ ಸ್ಕ್ರೀನ್ ಒಡೆಯಿತು. ಒಂದರ ಬ್ಯಾಟರಿ ಉಬ್ಬಿ ಮುಚ್ಚಳ ಎತ್ತಿತು. ಒಂದರ ಚಾರ್ಜಿಂಗ್ ತೂತು ಆಟಿ ತಿಂಗಳ ತೇವಕ್ಕೆ ತುಕ್ಕು ಹಿಡಿಯಿತು. ಇನ್ನೊಂದು ಅಪ್‌ಡೇಟ್ ನಿಂತು, ಬ್ಯಾಂಕಿನ ಆ್ಯಪ್ ಓಡದೆ, ಬದುಕಿದ್ದೂ ಸತ್ತಿತು. ಈ ನಾಲ್ಕರಲ್ಲಿ ಪ್ಲಾನಿನವರು ಒಪ್ಪುವುದು ಒಡೆದ ಸ್ಕ್ರೀನ್ ಒಂದನ್ನೇ. ಸವೆತ, ತುಕ್ಕು, ಹಳೆಯದಾಗುವುದು ಇವುಗಳಿಗೆ ರಕ್ಷೆ ಇಲ್ಲ. ಕಳವಿಗೆ ಇದೆ, ಆದರೆ ಬೀಗ ಒಡೆದು ಕದ್ದಿರಬೇಕು, ಎಫ್‌ಐಆರ್ ಬೇಕು. ಬಸ್ಸಿನಲ್ಲಿ ಬಿಟ್ಟು ಬಂದರೆ ನಮ್ಮ ಕರ್ಮ. ಇನ್ನು "ಎಕ್ಸ್‌ಟೆಂಡೆಡ್ ವಾರಂಟಿ" ಅಂತ ಮಾರುವುದು ಬೇರೆಯೇ ಸರಕು. ಅದು ಕಂಪನಿಯ ವಾರಂಟಿಯನ್ನೇ ಇನ್ನೊಂದು ವರ್ಷ ಎಳೆಯುತ್ತದೆ. ಒಡೆದದ್ದಕ್ಕೂ ನೀರಿಗೂ ಸಂಬಂಧ ಇಲ್ಲ. ನೆರೆಮನೆಯವರು ಅದನ್ನೇ ಇನ್ಶೂರೆನ್ಸ್ ಅಂದುಕೊಂಡು ಕಟ್ಟಿದ್ದಾರೆ.

ಹೊಸ ಫೋನು ತೆಗೆದುಕೊಳ್ಳುವವರೆಗೆ ಮೂರು ವಾರ ಬಟನ್ ಫೋನಿನಲ್ಲೇ ದಾಟಿದೆ. ಕೆಲಸದವರ ಸಂಬಳಕ್ಕೆ ಮಾತ್ರ ಪ್ರತಿ ಶನಿವಾರ ಎಟಿಎಮ್ಮಿಗೆ ಓಡಾಟ.

ಈ ಸಲ ಕ್ಯಾಮರಾ ಎಷ್ಟು ಮೆಗಾಪಿಕ್ಸೆಲ್ ಅಂತ ನೋಡಲಿಲ್ಲ. ಮೊದಲು ನೋಡಿದ್ದು ಐಪಿ ನಂಬರು. ಎರಡು ಅಂಕೆಯಲ್ಲಿ ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ. ಐಪಿ54 ಅಂದರೆ ನೀರಿನ ಎರಚಲು ತಡೆಯುತ್ತದೆ, ಮುಳುಗುವುದನ್ನಲ್ಲ. ಐಪಿ67 ಅಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ. ಅದೂ ಸಿಹಿನೀರಿನಲ್ಲಿ, ಹೊಸ ಫೋನಿಗೆ. ಒಳಗಿನ ರಬ್ಬರು, ಅಂಟು ಹಳೆಯದಾದ ಹಾಗೆ ತಡೆಯುವ ಶಕ್ತಿಯೂ ಇಳಿಯುತ್ತದೆ. ಐಪಿ67 ಅಂತ ಡಬ್ಬಿಯ ಮೇಲೆ ಬರೆದರೂ ನೀರು ಹೊಕ್ಕರೆ ವಾರಂಟಿ ಕೊಡುವುದಿಲ್ಲ, ಅದು ಬೇರೆ ತಮಾಷೆ. ಆದರೂ ನನ್ನ ಕೆಲಸಕ್ಕೆ ಇದು ಬೇಕೇ ಬೇಕು. ನಾಲ್ಕು ತಿಂಗಳು ಮಳೆಯಲ್ಲಿ ಓಡಾಡುವವನಿಗೆ ಇದೇ ನಿಜವಾದ ಇನ್ಶೂರೆನ್ಸು.

ಎರಡನೆಯದು ಅಪ್‌ಡೇಟ್. ಸ್ಯಾಮ್‌ಸಂಗಿನ ಗ್ಯಾಲಕ್ಸಿ ಎ16ಕ್ಕೂ ಎ26ಕ್ಕೂ ಆರು ವರ್ಷದ ಭದ್ರತಾ ಅಪ್‌ಡೇಟ್ ಭರವಸೆ ಇದೆ. ಎ16 ಐಪಿ54, ಎ26 ಐಪಿ67. ನಾನು ಎ26 ತೆಗೆದುಕೊಂಡೆ. ಹೊಳೆಯುವ ಸ್ಕ್ರೀನಿನ ಈ ಜಾತಿಯ ಫೋನುಗಳಲ್ಲಿ ಸ್ಕ್ರೀನ್ ಒಡೆದರೆ ಖರ್ಚು ಜಾಸ್ತಿ. ಹಾಗಾಗಿ ಚೆಂದ ನೋಡದೆ ದಪ್ಪ ರಬ್ಬರ್ ಕವರ್ ಹಾಕಿಸಿದೆ. ಮಗಳು ಅದನ್ನು ಟ್ರ್ಯಾಕ್ಟರ್ ಟಯರ್ ಅನ್ನುತ್ತಾಳೆ.

ಮೂರನೆಯದನ್ನು ಪೇಟೆಯವರು ಯಾರೂ ಕೇಳುವುದಿಲ್ಲ. ನಮ್ಮ ತೋಟ ಎರಡು ಗುಡ್ಡದ ನಡುವಿನ ತಗ್ಗು. ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಬೀಳುವ ಕಡೆ ಬಿಎಸ್‌ಎನ್‌ಎಲ್ ಒಂದೇ ಸ್ವಲ್ಪ ಸಿಗುವುದು. ಅವರ 4ಜಿ 700 ಮೆಗಾಹರ್ಟ್ಸ್‌ನಲ್ಲೂ ಬರುತ್ತದೆ. ಕಡಿಮೆ ಫ್ರೀಕ್ವೆನ್ಸಿಯ ಅಲೆ ಗುಡ್ಡ, ಮರ, ಗೋಡೆ ದಾಟಿ ದೂರ ಹೋಗುತ್ತದೆ. ಫೋನಿನ ವಿವರದಲ್ಲಿ ಬ್ಯಾಂಡ್ 28 ಅಂತ ಇದ್ದರೆ ಅದನ್ನು ಹಿಡಿಯಬಹುದು. ಅಂಗಡಿಯಲ್ಲಿ ಬ್ಯಾಂಡ್ ಕೇಳಿದರೆ ಹುಡುಗ ಚೆಂಡೆ ಮದ್ದಳೆ ಕೇಳಿದವರ ಹಾಗೆ ನನ್ನನ್ನು ನೋಡಿದ. ನೀವೇ ಓದಿಕೊಂಡು ಹೋಗುವುದು ಒಳ್ಳೆಯದು.

ಸೆಕೆಂಡ್ ಹ್ಯಾಂಡ್ ಕೂಡ ಒಂದು ನೋಡಿದ್ದೆ, ಉಪ್ಪಳದಲ್ಲಿ, ಅರ್ಧ ಬೆಲೆಗೆ. *#06# ಒತ್ತಿದರೆ ಐಎಂಇಐ, ಅಂದರೆ ಆ ಫೋನಿನದ್ದೇ ಗುರುತಿನ ನಂಬರು ಬರುತ್ತದೆ. ಇಂಗ್ಲಿಷಿನಲ್ಲಿ ಕೆವೈಎಂ ಅಂತ ಮೂರು ಅಕ್ಷರ ಬರೆದು, ಜಾಗ ಬಿಟ್ಟು, ಆ 15 ಅಂಕೆ ಹಾಕಿ 14422ಕ್ಕೆ ಮೆಸೇಜ್ ಕಳಿಸಿದರೆ ಅದು ಸರಿಯಾದ ಫೋನೋ, ಬ್ಲಾಕ್ ಆದದ್ದೋ ಗೊತ್ತಾಗುತ್ತದೆ. ಅದರಲ್ಲಿ ಎಲ್ಲ ಸರಿ ಇತ್ತು. ಆದರೆ ಸಿಮ್ ಟ್ರೇ ಎಳೆದು ಟಾರ್ಚು ಬಿಟ್ಟೆ. ಕೆಂಪು ಚುಕ್ಕಿ! ನಮಸ್ಕಾರ ಹೇಳಿ ಬಂದೆ.

ಹೊಸ ಫೋನಿನಲ್ಲಿ ಯುಪಿಐ ಹಾಕಿದರೆ ಮೊದಲ 24 ಗಂಟೆ 5,000 ರೂಪಾಯಿಯ ಮಿತಿ ಇರುತ್ತದೆ. ನಾನು ತಿಳಿಯದೆ ಶನಿವಾರವೇ ಹಾಕಿ, ಸಂಬಳದ ಹೊತ್ತಿಗೆ ಮತ್ತೆ ಎಟಿಎಮ್ಮಿಗೆ ಓಡಿದೆ.

ಪ್ಲಾನ್ ಹಾಕಿಸಲಿಲ್ಲ. ಅಂಗಡಿಯವ ಎರಡು ಸಲ ಕೇಳಿದ. ಗೇರುಬೀಜ ಮಾರಿದ ದುಡ್ಡಿನಲ್ಲಿ ಉಳಿದದ್ದನ್ನು ಬೇರೆ ಖಾತೆಯಲ್ಲಿಟ್ಟು ಅದಕ್ಕೆ ಫೋನಿನ ದುಡ್ಡು ಅಂತ ಹೆಸರಿಟ್ಟಿದ್ದೇನೆ. ಎಲ್ಲರಿಗೂ ಇದೇ ಸರಿ ಅಂತಲ್ಲ. ಕಾಲೇಜಿಗೆ ಹೋಗುವ ಮಗಳ ಫೋನಿಗೆ ನಾನೇ ಪ್ಲಾನ್ ಹಾಕಿಸಿದ್ದೇನೆ. ಅವಳು ಎರಡು ವರ್ಷದಲ್ಲಿ ಮೂರು ಸ್ಕ್ರೀನ್ ಒಡೆದವಳು. ಅವಳ ಫೋನಿನ ಬ್ಯಾಕಪ್ ಆಗುತ್ತಿದೆಯಾ ಅಂತ ತಿಂಗಳಿಗೊಮ್ಮೆ ನೋಡುತ್ತೇನೆ. ಪ್ಲಾನಿನ ಪುಟಗಳನ್ನು ಈ ಸಲ ಪ್ರಿಂಟ್ ತೆಗೆದು ಓದಿದ್ದೇನೆ, ಗೆರೆ ಎಳೆದು.

ಎರಡನೇ ಮದ್ದಿನ ದಿನ ಹೊಸ ಫೋನನ್ನು ಕಿಸೆಯಲ್ಲಿಡಲು ಧೈರ್ಯ ಬರಲಿಲ್ಲ. ಐಪಿ67 ಆದರೇನು, ಮೈಲುತುತ್ತು ಸಿಹಿನೀರಲ್ಲವಲ್ಲ. ಸ್ಟೀಲಿನ ಬುತ್ತಿ ಪಾತ್ರೆಯಲ್ಲಿಟ್ಟು ಮುಚ್ಚಳ ಬಿಗಿದು ಪಂಪು ಶೆಡ್ಡಿನ ಕಿಟಕಿಯಲ್ಲಿಟ್ಟೆ. ಪಾತ್ರೆಯೊಳಗೆ ಸಿಗ್ನಲ್ ಹೋಗುವುದಿಲ್ಲ ಅಂತ ಆಮೇಲೆ ಹೊಳೆಯಿತು. ಮಧ್ಯಾಹ್ನ ಒಂದೂವರೆಗೆ ಮನೆಯವಳು ಮೆಟ್ಟಿಲ ಮೇಲೆ ನಿಂತು ಊಟಕ್ಕೆ ಕೂ ಹಾಕಿದಳು, ಫೋನು ಬರುವ ಮೊದಲಿನ ಹಾಗೆ. ಮೇಲಿನ ತೋಟದಿಂದಲೇ ಕೇಳಿಸಿತು.