ಕಣ್ಣಿಗೆ ಪಟ್ಟಿ ಕಟ್ಟಿದ ಮಗು ಶಾಂತವಾಗಿ ಎಚ್ಚರವಾಗಲು

ಮೆಳ್ಳೆಗಣ್ಣಿನ ಶಸ್ತ್ರಚಿಕಿತ್ಸೆಯ ನಂತರ ಮೂರು ವರ್ಷದ ಮಗು ಕಿರುಚುತ್ತಾ, ಕಾಲು ಒದೆಯುತ್ತಾ, ಅಮ್ಮನ ಗುರುತೂ ಹಿಡಿಯದೆ ಪಟ್ಟಿ ಕೀಳಲು ನೋಡಿದರೆ ಅದು ಹಟವಲ್ಲ. ಅರಿವಳಿಕೆಯ ಅನಿಲ ಸೆವೋಫ್ಲುರೇನ್ ಬೇಗ ಇಳಿದು ಮಗುವಿಗೆ ಎಚ್ಚರವಾಗಿರುತ್ತದೆ, ಅರಿವು ಮಾತ್ರ ಇನ್ನೂ ಮರಳಿರುವುದಿಲ್ಲ. ಎರಡರಿಂದ ಆರು ವರ್ಷದವರಲ್ಲಿ ಇದು ಹೆಚ್ಚು. ಕಣ್ಣು ಮುಚ್ಚಿದ್ದರೆ ಗಾಬರಿ ಇನ್ನೂ ಜಾಸ್ತಿ. ಅದಕ್ಕೇ ಹಿಂದಿನ ದಿನವೇ ಮನೆಯಲ್ಲಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿ ಹತ್ತು ನಿಮಿಷ ಆಟವಾಡಿಸಲು ಹೇಳುತ್ತೇನೆ.

ಶಸ್ತ್ರಚಿಕಿತ್ಸೆಗೆ 30–45 ನಿಮಿಷ ಮೊದಲು ಮಗುವನ್ನು ಶಾಂತಗೊಳಿಸುವ ಡೆಕ್ಸ್‌ಮೆಡಿಟೊಮಿಡಿನ್ ಔಷಧಿಯನ್ನು ಮೂಗಿನಲ್ಲಿ ಕೊಡುತ್ತೇನೆ, ಕೆ.ಜಿ.ಗೆ 2 ಮೈಕ್ರೋಗ್ರಾಂ. 15 ಕೆ.ಜಿ. ಮಗುವಿಗೆ 30 ಮೈಕ್ರೋಗ್ರಾಂ, ಅಂದರೆ ಮಿ.ಲೀ.ಗೆ 100 ಮೈಕ್ರೋಗ್ರಾಂ ಇರುವ ಆಂಪ್ಯೂಲಿನಿಂದ 0.3 ಮಿ.ಲೀ., ಎರಡು ಹೊಳ್ಳೆಗೆ ಸಮವಾಗಿ. ನೀರು ಬೆರೆಸಿದರೆ ಗಂಟಲಿಗೆ ಇಳಿದುಹೋಗುತ್ತದೆ. ಸ್ಪ್ರೇ ತುದಿಯಲ್ಲಿ ಉಳಿಯುವ ಹನಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು; ಇಷ್ಟು ಚಿಕ್ಕ ಡೋಸಿನಲ್ಲಿ ಆ ಹನಿಯೇ ದೊಡ್ಡ ನಷ್ಟ. ಕೊಟ್ಟ ಕೂಡಲೇ ಬೆರಳಿಗೆ ಆಕ್ಸಿಮೀಟರ್.

ಅಪಾಯವೂ ಇಲ್ಲೇ ಇದೆ. ಈ ಔಷಧಿ ನಾಡಿಯನ್ನು ನಿಧಾನಗೊಳಿಸುತ್ತದೆ, ಸರ್ಜನ್ ಕಣ್ಣಿನ ಸ್ನಾಯು ಎಳೆದಾಗಲೂ ಅದೇ ಆಗುತ್ತದೆ. ಹಾಗಾಗಿ ನಾಡಿಯನ್ನು ಏರಿಸುವ ಅಟ್ರೋಪಿನ್ (ಕೆ.ಜಿ.ಗೆ 20 ಮೈಕ್ರೋಗ್ರಾಂ) ಸಿರಿಂಜಿನಲ್ಲಿ ಸಿದ್ಧವಿರಲೇಬೇಕು. ನಾಡಿ ಕುಸಿದರೆ ಮೊದಲು ಎಳೆತ ಬಿಡಿಸಿ.

ನೋವಿಗೆ ಪ್ಯಾರಾಸಿಟಮಾಲ್ ಕೆ.ಜಿ.ಗೆ 15 ಮಿ.ಗ್ರಾಂ, ಫೆಂಟಾನಿಲ್ ಕೆ.ಜಿ.ಗೆ 1 ಮೈಕ್ರೋಗ್ರಾಂ. ವಾಂತಿಗೆ ಆಂಡಾನ್ಸೆಟ್ರಾನ್ ಕೆ.ಜಿ.ಗೆ 0.1 ಮಿ.ಗ್ರಾಂ. ಸೆವೋಫ್ಲುರೇನ್ ನಿಲ್ಲಿಸುವಾಗ ರಕ್ತನಾಳಕ್ಕೆ ಕೊಡುವ ಅರಿವಳಿಕೆ ಪ್ರೊಪೊಫಾಲ್, ಕೆ.ಜಿ.ಗೆ 1 ಮಿ.ಗ್ರಾಂ, ನಿಧಾನವಾಗಿ. ಎಚ್ಚರ ಕೆಲವು ನಿಮಿಷ ತಡವಾದರೂ ಮೆತ್ತಗೆ ಬರುತ್ತದೆ. ಆಗ ಕೆನ್ನೆ ತಟ್ಟಿ, ಹೆಸರು ಕೂಗಿ ಎಬ್ಬಿಸುವುದು ಬೇಡ. ಪಕ್ಕಕ್ಕೆ ಮಲಗಿಸಿ, ಉಸಿರಾಟದ ಮೇಲೆ ಕಣ್ಣಿಟ್ಟು, ಅಮ್ಮನನ್ನು ಹತ್ತಿರ ಕೂರಿಸಿ ಸುಮ್ಮನಿರಬೇಕು.

ಗಲಾಟೆಯನ್ನು ಅಳೆಯುವ ಪೇಯ್ಡ್ (PAED) ಸ್ಕೇಲಿನಲ್ಲಿ ಐದು ಅಂಶಗಳು, ಒಟ್ಟು 20 ಅಂಕ. 10 ದಾಟಿದರೆ ಎಚ್ಚರಿಕೆ. ಆದರೆ ಅದರ ಮೊದಲ ಅಂಶವೇ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತದೆಯೇ ಎಂಬುದು. ಪಟ್ಟಿ ಕಟ್ಟಿದ ಮಗುವಿಗೆ ಅದನ್ನು ನೆಚ್ಚಲಾಗದು. ಮಾತಿಗೆ ಸ್ಪಂದಿಸುತ್ತದೆಯೇ, ಕೈಕಾಲಿನ ಚಲನೆಗೆ ಉದ್ದೇಶವಿದೆಯೇ ಎಂಬುದನ್ನೇ ನಾನು ಹೆಚ್ಚು ನೋಡುತ್ತೇನೆ.

ಗಲಾಟೆ ಶುರುವಾದರೆ ಮೊದಲು ಆಕ್ಸಿಜನ್, ಆಮೇಲೆ ನೋವು, ತುಂಬಿದ ಮೂತ್ರಕೋಶ, ಸಕ್ಕರೆ ಪ್ರಮಾಣ. ಇವೆಲ್ಲ ಸರಿಯಿದ್ದೂ ಮಗು ತಣಿಯದಿದ್ದರೆ ಮಾಸ್ಕ್ ಕೈಯಲ್ಲಿಟ್ಟುಕೊಂಡು ಪ್ರೊಪೊಫಾಲ್ ಕೆ.ಜಿ.ಗೆ 0.5 ಮಿ.ಗ್ರಾಂ. ರಕ್ತನಾಳಕ್ಕೆ ಹಾಕಿದ ಕೊಳವೆ, ಅಂದರೆ ಕ್ಯಾನುಲಾ, ಕಿತ್ತುಹೋಗಿದ್ದರೆ ಈ ದಾರಿಯೇ ಮುಚ್ಚಿತು. ಅದಕ್ಕೇ ಥಿಯೇಟರಿನಿಂದ ಹೊರಡುವ ಮೊದಲೇ ಕ್ಯಾನುಲಾಕ್ಕೆ ಬ್ಯಾಂಡೇಜ್ ಸುತ್ತಿರಬೇಕು. ಪೊರೆಯ ಶಸ್ತ್ರಚಿಕಿತ್ಸೆಯಾಗಿದ್ದರೆ ಪಟ್ಟಿಯ ಮೇಲೆ ಗಟ್ಟಿ ಶೀಲ್ಡ್ ಕೂಡ ಬೇಕು, ಉಜ್ಜಿದರೆ ಗಾಯ ಬಿಚ್ಚೀತು.