ಮೊದಲ ಭಾನುವಾರ, ಟ್ರಾಮ್ ನಕ್ಷೆ ಮತ್ತು ವಿಯೆನ್ನಾದ ಸಂಗೀತಗಾರರು

ಒಂದೇ ದಿನಕ್ಕೆ ಆಗುವ ಮಾತಲ್ಲ ಅಂದವರು ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಬೀಥೋವನ್, ಶೂಬರ್ಟ್, ಹೈಡನ್, ಬ್ರಾಮ್ಸ್, ಮಾಹ್ಲರ್, ಮೊಜಾರ್ಟ್, ವಿಯೆನ್ನಾದಲ್ಲಿ ಇಷ್ಟೂ ಸಂಗೀತಗಾರರ ಮನೆಯೋ ಸಮಾಧಿಯೋ ಏನಾದರೊಂದನ್ನು ಬೆಳಗ್ಗೆಯಿಂದ ಸಂಜೆಯೊಳಗೆ ನೋಡಿ ಮುಗಿಸಿ, ರಾತ್ರಿ ಒಪೆರಾಕ್ಕೂ ಹೋಗಿ ಬಂದೆ. ಖರ್ಚು ಹೆಚ್ಚುಕಮ್ಮಿ 20 ಯೂರೋ. ವಯಲಿನ್ ಮೇಷ್ಟ್ರು ವಾರಕ್ಕೊಬ್ಬರು ಸಾಕು ಅಂದಿದ್ದರು. ರೂಮ್‌ಮೇಟ್ ಅಂತೂ "ಬರೀ ಬೋರ್ಡ್ ಓದ್ಕೊಂಡು ಬರ್ತೀಯ ಬಿಡು" ಅಂತ ನಕ್ಕಿದ್ದ.

ಅವರ ಅನುಮಾನಕ್ಕೂ ಕಾರಣ ಇತ್ತು. ಹಿಂದೆ ಹಾಕಿದ ಪ್ಲಾನ್‌ಗಳೆಲ್ಲ ಕೈಕೊಟ್ಟಿದ್ದವು. ಜೀವನಚರಿತ್ರೆಯ ಕ್ರಮದಲ್ಲಿ ಹೋದರೆ ಊರಿನ ಈ ತುದಿಯಿಂದ ಆ ತುದಿಗೆ ಓಡಾಡುವುದರಲ್ಲೇ ಮಧ್ಯಾಹ್ನ ಆಗುತ್ತದೆ. ಸೋಮವಾರ ಹೋದರೆ ಮನೆಗಳಿಗೆಲ್ಲ ಬೀಗ. ಇನ್ನೊಂದು ಸಲ ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತಾ ನಿಂತಾಗ ಗಂಟೆ ಒಂದು ದಾಟಿತ್ತು. 1ರಿಂದ 2ರವರೆಗೆ ಊಟದ ಬಿಡುವು, ಬಾಗಿಲು ಹಾಕಿತ್ತು. ಗೆಳೆಯನೊಬ್ಬ ಗೈಡ್ ಜೊತೆ ಹೋಗಿ 50-60 ಯೂರೋ ಕಳೆದುಕೊಂಡ. ಅವನಿಗೆ ಸಿಕ್ಕಿದ್ದು ಚಾಕೊಲೇಟ್ ಅಂಗಡಿಗಳ ದರ್ಶನವೇ ಜಾಸ್ತಿ.

ಕೊನೆಗೆ ಕೆಲಸಕ್ಕೆ ಬಂದದ್ದು ಮೂರು ವಿಷಯ. ನಗರದ ಮ್ಯೂಸಿಯಂ ನೋಡಿಕೊಳ್ಳುವ ಸಂಗೀತಗಾರರ ಮನೆಗಳಿಗೆ ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ. ಬೆಳಗ್ಗೆ 10ಕ್ಕೆ ಮುಂಚೆ ಒಂದೂ ತೆರೆಯುವುದಿಲ್ಲ, ಆದರೆ ಸ್ಮಶಾನ ತೆರೆದಿರುತ್ತದೆ. ಊಟದ ಬಿಡುವು ಎಲ್ಲ ಮನೆಗಳಿಗೂ ಒಂದೇ ಹೊತ್ತಿಗೆ, ಆ ಒಂದು ಗಂಟೆಗೆ ಹೊರಗೆ ನೋಡುವಂಥದ್ದು ಇಟ್ಟುಕೊಳ್ಳಬೇಕು. ಇಷ್ಟಾದ ಮೇಲೆ ಟ್ರಾಮ್ ನಕ್ಷೆ ಹಿಡಿದು ಕೂತೆ.

ಬೆಳಗ್ಗೆ ಏಳೂವರೆ ಹೊತ್ತಿಗೆ 71ನೇ ನಂಬರಿನ ಟ್ರಾಮ್ ಹತ್ತಿ ತ್ಸೆಂಟ್ರಾಲ್‌ಫ್ರೀಡ್‌ಹೋಫ್ ಅನ್ನುವ ದೊಡ್ಡ ಸ್ಮಶಾನದ ಎರಡನೇ ಗೇಟು. 32ಎ ಅನ್ನುವ ಸಮಾಧಿಗಳ ಗುಂಪಿಗೆ ಹೋದರೆ ಬೀಥೋವನ್, ಶೂಬರ್ಟ್, ಬ್ರಾಮ್ಸ್, ಯೋಹಾನ್ ಸ್ಟ್ರೌಸ್ ಅಕ್ಕಪಕ್ಕದಲ್ಲೇ ಇದ್ದಾರೆ. ಬೀಥೋವನ್, ಶೂಬರ್ಟ್ ಇಬ್ಬರನ್ನೂ ಮೊದಲು ಹೂತದ್ದು ವೇರಿಂಗ್ ಸ್ಮಶಾನದಲ್ಲಿ, 1888ರಲ್ಲಿ ಇಲ್ಲಿಗೆ ತಂದರು. ಬೀಥೋವನ್ ಕಲ್ಲಿನ ಮೇಲೆ ಹೆಸರು ಬಿಟ್ಟರೆ ಬೇರೆ ಅಕ್ಷರ ಇಲ್ಲ. ಬ್ರಾಮ್ಸ್ ಮಾತ್ರ ಕಲ್ಲಿನಲ್ಲಿ ಹಣೆಗೆ ಕೈಯಿಟ್ಟು ಸ್ವರಪುಟ ನೋಡುತ್ತಾ ಕೂತಿದ್ದಾನೆ, ಪರೀಕ್ಷೆಯ ಹಿಂದಿನ ದಿನ ನಾವು ಕೂರುತ್ತೇವಲ್ಲ, ಹಾಗೆ. ಮಧ್ಯದಲ್ಲಿರುವ ಮೊಜಾರ್ಟ್ ಬರೀ ಸ್ಮಾರಕ. 1791ರಲ್ಲಿ ಅವನನ್ನು ಹೂತದ್ದು ಸೇಂಟ್ ಮಾರ್ಕ್ಸ್ ಸ್ಮಶಾನದಲ್ಲಿ, ಅದೂ 71ರ ದಾರಿಯಲ್ಲೇ ಇದೆ. ವಾಪಸ್ ಬರುವಾಗ ಇಳಿದೆ. ಮುರಿದ ಕಂಬ, ತಲೆಗೆ ಕೈಯೊತ್ತಿ ನಿಂತ ದೇವದೂತ. ಹೂತ ಜಾಗ ಖಚಿತವಾಗಿ ಯಾರಿಗೂ ಗೊತ್ತಿಲ್ಲ, ಆದರೂ ಹೂ ಇಡುವವರಿಗೆ ಕೊರತೆ ಇಲ್ಲ.

ಅದೇ 71 ರೆನ್‌ವೆಗ್ ರಸ್ತೆಯಲ್ಲಿ ಹೋಗುತ್ತದೆ. 5ನೇ ನಂಬರಿನ ಕಟ್ಟಡದಲ್ಲಿ ಮಾಹ್ಲರ್ ಹತ್ತು ವರ್ಷ ಇದ್ದ, ಗೋಡೆಯ ಮೇಲೆ ಫಲಕ ಇದೆ. ಅಲ್ಲೇ ಹತ್ತಿರದ ಯಾಕಿನ್‌ಗಾಸ್ಸೆಯಲ್ಲಿ ರಿಚರ್ಡ್ ಸ್ಟ್ರೌಸ್‌ನ ಬಂಗಲೆ (ಯೋಹಾನ್ ಬೇರೆ, ಇವನು ಬೇರೆ). ಈಗ ಡಚ್ ರಾಯಭಾರಿಯ ನಿವಾಸ, ಒಳಗೆ ಬಿಡಲ್ಲ. ಪಟ್ಟಿಯಲ್ಲಿ ಇರಲಿಲ್ಲ, ಮೈಸೂರಿನವನಾಗಿ ಸುಮ್ನೆ ದಾಟಿ ಹೋಗಲು ಮನಸ್ಸಾಗಲಿಲ್ಲ. ಸ್ಟ್ರೌಸ್ ತೀರಿಕೊಂಡ ಮರುವರ್ಷ, 1950ರಲ್ಲಿ, ಅವನ ಕೊನೆಯ ನಾಲ್ಕು ಹಾಡುಗಳು ಲಂಡನ್‌ನಲ್ಲಿ ಮೊದಲ ಸಲ ಹಾಡಿಸಿಕೊಂಡಾಗ ಹಣದ ಹೊಣೆ ಹೊತ್ತವರು ನಮ್ಮ ಜಯಚಾಮರಾಜ ಒಡೆಯರ್. ಗೇಟಿನ ಮುಂದೆ ಐದು ನಿಮಿಷ ನಿಂತು, ಮತ್ತೆ 71 ಹತ್ತಿದೆ.

ಇಳಿದದ್ದು ಶಾಟನ್‌ಟೋರ್‌ನಲ್ಲಿ. ಎದುರಿಗೇ ಬೀಥೋವನ್ ಇದ್ದ ಪಾಸ್ಕ್ವಲಾಟಿಹೌಸ್. ಲಿಫ್ಟ್ ಇಲ್ಲ, ನಾಲ್ಕು ಮಹಡಿ. 10ಕ್ಕೆ ಸರಿಯಾಗಿ ಹೋದರೆ ಕೋಣೆಗಳು ಖಾಲಿ ಸಿಗುತ್ತವೆ. ಅಲ್ಲಿಂದ ಅರ್ಧ ಗಂಟೆಗೆ ಕೆಳಗಿಳಿದು 37ನೇ ಟ್ರಾಮ್ ಹತ್ತಿದರೆ ನುಸ್‌ಡಾರ್ಫರ್ ಸ್ಟ್ರಾಸೆ 54, ಶೂಬರ್ಟ್ 1797ರಲ್ಲಿ ಹುಟ್ಟಿದ ಮನೆ. ಅಂಗಳ, ಸುತ್ತ ಮೊಗಸಾಲೆ, ಒಳಗೆ ಪುಟ್ಟ ಕೋಣೆಗಳು. ಗಾಜಿನ ಪೆಟ್ಟಿಗೆಯಲ್ಲಿ ಅವನ ಕನ್ನಡಕ. ಚಿತ್ರಗಳಲ್ಲಿ ಮುಖದಷ್ಟೇ ಪರಿಚಿತವಾದದ್ದು ಅದು, ಎದುರಿಗೆ ನೋಡಿದರೆ ಎಷ್ಟು ಚಿಕ್ಕದು ಅಂದರೆ ಮಕ್ಕಳದೇನೋ ಅನ್ನಿಸುತ್ತದೆ.

ಮತ್ತೆ 37, ಕೊನೆಯ ಸ್ಟಾಪ್. ದಾರಿಯಲ್ಲಿ ಸಿಗುವ, ಬೀಥೋವನ್‌ನ ಎರೋಯಿಕಾ ಸಿಂಫನಿಯ ಹೆಸರಿನ ಮನೆಯನ್ನು ಕಿಟಕಿಯಿಂದಲೇ ನೋಡಿದೆ. ಇಳಿದು ನಡೆದು ಹಳ್ಳದ ಪಕ್ಕದ ಬೀಥೋವನ್‌ಗಾಂಗ್ ಅನ್ನುವ ದಾರಿಗೆ ಬರುವಷ್ಟರಲ್ಲಿ ಒಂದು ಗಂಟೆ, ಊಟದ ಬಿಡುವು. ಇಲ್ಲಿ ಭಾನುವಾರ ಸೂಪರ್‌ಮಾರ್ಕೆಟ್ ತೆರೆಯುವುದಿಲ್ಲ, ಡಬ್ಬಿ ಕಟ್ಟಿಕೊಂಡು ಹೋಗಿ. ಪುಳಿಯೋಗರೆ ಮುಗಿಸಿ ಹಳ್ಳದ ಪಕ್ಕ ಒಂದು ಪ್ರಯೋಗ ಮಾಡಿದೆ. ಆರನೇ ಸಿಂಫನಿಯಲ್ಲಿ ಹಳ್ಳವನ್ನು ಚಿತ್ರಿಸುವ ಭಾಗಕ್ಕೆ ಬೀಥೋವನ್ ಕೊಟ್ಟ ಗತಿ ನಿಮಿಷಕ್ಕೆ 50 ಪೆಟ್ಟು. ಸಿಂಫನಿ 1808ರದ್ದು, ಮೆಟ್ರೊನೋಮ್ (ಗತಿ ಅಳೆದು ಪೆಟ್ಟು ಹಾಕುವ ಯಂತ್ರ) ಗುರುತು ಹಾಕಿದ್ದು 1817ರಲ್ಲಿ. ಫೋನಿನಲ್ಲಿ 50ಕ್ಕೆ ಹಾಕಿ ಪೆಟ್ಟಿಗೊಂದು ಹೆಜ್ಜೆ ಇಟ್ಟರೆ ಮೆರವಣಿಗೆಯಲ್ಲಿ ದೇವರ ಹಿಂದೆ ಹೋದಂತೆ ತೆವಳಬೇಕು. ಎರಡು ಹೆಜ್ಜೆ ಇಟ್ಟರೆ ಸರಾಗ ನಡಿಗೆ. ತಿಶ್ರ ನಡೆಯಲ್ಲಿ, ಅಂದರೆ ಪೆಟ್ಟಿಗೆ ಮೂರು ಎಣಿಕೆಯಂತೆ, ನಾಲ್ಕು ಪೆಟ್ಟು ಕೈಯಲ್ಲಿ ಹಾಕಿಕೊಂಡು ಅತ್ತಿತ್ತ ನಡೆದೆ. ನಾಯಿ ಹಿಡಿದುಕೊಂಡು ಬಂದ ಅಜ್ಜಿಯೊಬ್ಬರು ದೂರ ಸರಿದು ಹೋದರು. ಸಾಮಾನ್ಯವಾಗಿ ನುಡಿಸುವ ಗತಿ ನಿಧಾನ ಆಯ್ತು ಅಂತ ಅವತ್ತಿನಿಂದ ವಾದ ಮಾಡುತ್ತಿದ್ದೇನೆ. ನೀರಿನ ಸದ್ದನ್ನೂ ರೆಕಾರ್ಡ್ ಮಾಡಿಕೊಂಡೆ, ಅದು ಕೆಲಸಕ್ಕೆ ಬರಲಿಲ್ಲ. ಬರೀ ಕಾರಿನ ಸದ್ದು.

2 ಗಂಟೆಗೆ ಪ್ರೋಬುಸ್‌ಗಾಸ್ಸೆಯ ಬೀಥೋವನ್ ಮ್ಯೂಸಿಯಂ. ಒಳ್ಳೆಯ ಒಂದೂವರೆ ಗಂಟೆ ಇದಕ್ಕೇ ಇಡಿ. ಕಿವಿ ಹೋಗುತ್ತಿದೆ ಅಂತ 1802ರಲ್ಲಿ ತಮ್ಮಂದಿರಿಗೆ ಬರೆದ ಪತ್ರ ಹುಟ್ಟಿದ್ದು ಇದೇ ಹೈಲಿಗೆನ್‌ಸ್ಟಾಟ್‌ನಲ್ಲಿ. ಕಾರ್ಲ್ ಹೆಸರು ಬರೆದಿದ್ದಾನೆ, ಯೋಹಾನ್ ಹೆಸರಿನ ಜಾಗ ಖಾಲಿ ಬಿಟ್ಟಿದ್ದಾನೆ. ಪಾಠದಲ್ಲಿ ಓದಿದ್ದೆ, ಆದರೆ ಆ ಖಾಲಿ ಜಾಗ ಕೈಬರಹದಲ್ಲಿ ಕಂಡಾಗಲೇ ತಟ್ಟಿದ್ದು. ಮೂಲ ಪತ್ರ ಹಾಂಬರ್ಗ್‌ನಲ್ಲಿದೆ, ಇಲ್ಲಿ ನೋಡಿದ್ದು ಅದರ ನಕಲು.

ಆಮೇಲೆ ಬಸ್ಸು, ಯು4 ಮೆಟ್ರೋ, ನೇರ ಕೆಟ್ಟನ್‌ಬ್ರೂಕನ್‌ಗಾಸ್ಸೆ. 1828ರಲ್ಲಿ ಶೂಬರ್ಟ್ ಸತ್ತ ಅಣ್ಣನ ಮನೆ, 15 ನಿಮಿಷ ಸಾಕು. ಅಲ್ಲಿಂದ ಬೇಗ ಬೇಗ ಹೆಜ್ಜೆ ಹಾಕಿ ಹೈಡನ್ ಮನೆ, ಬ್ರಾಮ್ಸ್‌ನ ಮೇಜು ಕುರ್ಚಿಗಳೂ ಅಲ್ಲೇ ಒಂದು ಕೋಣೆಯಲ್ಲಿವೆ. ಇವತ್ತಿನ ಎಲ್ಲ ಮನೆಗಳಲ್ಲಿ ನನಗೆ ಇಷ್ಟವಾದದ್ದು ಇದೇ. ಹಿತ್ತಲ ತೋಟದಲ್ಲಿ ಕೂರಬಹುದು. 6ಕ್ಕೆ ಮುಚ್ಚುತ್ತದೆ.

ದುಡ್ಡಿನ ಲೆಕ್ಕ: 24 ಗಂಟೆಯ ಟ್ರಾಮ್-ಮೆಟ್ರೋ ಪಾಸು ಆಗ ಸುಮಾರು 8 ಯೂರೋ ಇತ್ತು, ಈಗ ಜಾಸ್ತಿಯಾಗಿದೆ. ಡೋಮ್‌ಗಾಸ್ಸೆಯ ಮೊಜಾರ್ಟ್ ಮನೆಗೆ ಆ ಭಾನುವಾರವೂ ಟಿಕೆಟ್ ಬೇಕು, ಅದಕ್ಕೆ ಬಿಟ್ಟೆ. ಆ ದುಡ್ಡಿಗೇ ಒಪೆರಾದಲ್ಲಿ ನಿಂತು ನೋಡುವ ಜಾಗದ ಟಿಕೆಟ್ ಬಂತು. ಅವತ್ತು ಇದ್ದದ್ದು ಅದೇ ಮನೆಯಲ್ಲಿ ಮೊಜಾರ್ಟ್ ಬರೆದ 'ಫಿಗರೋ', ಲಾಭವೇ ಅಲ್ವಾ? ಮುಂದಿನ ಕಂಬಿಗೆ ಶಾಲು ಕಟ್ಟಿ ಜಾಗ ಹಿಡಿದೆ. ಎಷ್ಟನೇ ಸಾಲು, ಯಾವ ಬದಿ ಅನ್ನುವುದನ್ನು ಮಾತ್ರ ಹೇಳಲ್ಲ, ನೀವೂ ಬಂದು ನಿಂತರೆ ನನಗೆ ಜಾಗ ಇರಲ್ಲ.

ಪ್ರಾಟರ್‌ಸ್ಟ್ರಾಸೆಯ ಯೋಹಾನ್ ಸ್ಟ್ರೌಸ್ ಮನೆ ಉಳಿದುಹೋಯಿತು. ಶೂಬರ್ಟ್ ಸತ್ತ ಮನೆ ಕೈಬಿಟ್ಟು ಯು4ರಿಂದ ಯು1 ಹಿಡಿದರೆ ಅದನ್ನೂ ತುರುಕಬಹುದು ಅಂತ ಲೆಕ್ಕ ಹಾಕಿದ್ದೇನೆ, ಮುಂದಿನ ಮೊದಲ ಭಾನುವಾರ ನೋಡಬೇಕು.