ಫೋನ್ ಅವ್ವನದು, ಅಕೌಂಟ್ ಮಗಳದು

ಬೆಟಗೇರಿಯಲ್ಲಿ ನಾನು ಹೈಸ್ಕೂಲ್ ಮಕ್ಕಳಿಗೆ ಪಾಠ ಮಾಡುತ್ತೇನೆ. ನಮ್ಮ ಪಾಲಕರಲ್ಲಿ ಮನೆಯಲ್ಲೇ ಮಗ್ಗ ಇರುವವರು, ಹಮಾಲಿ ಮಾಡುವವರು, ಗದಗಿನ ಅಂಗಡಿಗಳಲ್ಲಿ ದುಡಿಯುವವರು ಜಾಸ್ತಿ. 2020ರಲ್ಲಿ ಕೊರೊನಾಕ್ಕೆ ಶಾಲೆ ಮುಚ್ಚಿದಾಗ ಸಾಲ ಮಾಡಿ ಸ್ಮಾರ್ಟ್‌ಫೋನ್ ತಂದವರು ಇವರೇ. ತನ್ನಿ ಅಂತ ಹೇಳಿದವರು ನಾವು, ಶಿಕ್ಷಕರು. ಹಾಗಾಗಿ ಆ ಫೋನಿನಿಂದ ಮಕ್ಕಳನ್ನು ಕಾಯುವುದೂ ನಮ್ಮ ಕೆಲಸ ಅಂತಲೇ ನಾನು ತಿಳಿದಿದ್ದೇನೆ.

ಮೊದಲ ಪಾಲಕರ ಸಭೆಯಲ್ಲಿ ನಾನು ತಪ್ಪು ಮಾಡಿದೆ. ಪ್ರೊಜೆಕ್ಟರ್ ಹಾಕಿ, ಏನೇನು ಅನಾಹುತ ಆಗಬಹುದು ಅಂತ ಒಂದು ತಾಸು ಹೇಳಿದೆ. ಎಲ್ಲರೂ ಹೆದರಿ ಮನೆಗೆ ಹೋದರು. ಹೋದವರೇ ಮಕ್ಕಳ ಕೈಯಿಂದ ಫೋನ್ ಕಸಿದುಕೊಂಡರು. ಇಬ್ಬರು ಹುಡುಗಿಯರಿಗೆ ಏಟು ಬಿತ್ತು. ತಿಂಗಳೊಳಗೆ ಮಕ್ಕಳು ಗೆಳತಿಯರ ಫೋನಿನಲ್ಲಿ ಬೇರೆ ಹೆಸರಿನ ಅಕೌಂಟ್ ತೆರೆದಿದ್ದರು. ಮೊದಲು ಅಷ್ಟಿಷ್ಟು ಕಾಣುತ್ತಿದ್ದದ್ದೂ ಈಗ ಕಾಣದಂತಾಯಿತು.

ಆಮೇಲೆ ಪ್ರೊಜೆಕ್ಟರ್ ಮುಟ್ಟಲಿಲ್ಲ. ಈಗ ಏಳೆಂಟು ತಾಯಂದಿರನ್ನಷ್ಟೇ ಕರೆಯುತ್ತೇನೆ. ಜಮಖಾನ ಹಾಸಿ ಕೂರುತ್ತೇವೆ. ಅವರವರ ಫೋನು ಅವರ ಕೈಯಲ್ಲಿ, ಮಗ ಅಥವಾ ಮಗಳು ಪಕ್ಕದಲ್ಲಿ. ಹಾಗೆ ಕೂತಾಗಲೇ ನನಗೊಂದು ವಿಷಯ ಹೊಳೆದದ್ದು. ಬಹಳ ಮನೆಗಳಲ್ಲಿ ಮಕ್ಕಳಿಗೆ ಅಂತ ಬೇರೆ ಫೋನೇ ಇಲ್ಲ. "ಫೋನ್ ನಂದ ಖರೆ ಅಕ್ಕೋರ, ಆದ್ರ ಒಳಗ ಏನೈತಿ ಅಂತ ನನಗ ಗೊತ್ತಿಲ್ರಿ" ಅಂದರು ಒಬ್ಬ ತಾಯಿ. ಫೋನ್ ಅವ್ವನದು, ನಂಬರ್ ಅವ್ವನದು, ಒಳಗಿನ ಇನ್‌ಸ್ಟಾಗ್ರಾಂ ಮಾತ್ರ ಒಂಬತ್ತನೇ ತರಗತಿಯ ಮಗಳದು.

ಆ ಅಕೌಂಟಿನಲ್ಲಿ ಹುಟ್ಟಿದ ದಿನ ಯಾರದು ಅಂತ ನೋಡಿ. ನಾನು ಮೊದಲು ಕೇಳುವುದೇ ಇದನ್ನು. ಇನ್‌ಸ್ಟಾಗ್ರಾಂಗೆ 13 ವರ್ಷ ತುಂಬಿರಬೇಕು. ಹನ್ನೊಂದಕ್ಕೇ ತೆರೆದ ಮಕ್ಕಳು ಅಪ್ಪನ ಹುಟ್ಟಿದ ವರ್ಷ ಹಾಕಿರುತ್ತಾರೆ. ಇದರಿಂದ ದೊಡ್ಡ ನಷ್ಟವಿದೆ. 18ರೊಳಗಿನವರಿಗೆ ಅಂತ ಇನ್‌ಸ್ಟಾಗ್ರಾಂ ಟೀನ್ ಅಕೌಂಟ್ ಮಾಡಿದೆ. 2025ರ ಫೆಬ್ರುವರಿಯಲ್ಲಿ ಅದು ನಮ್ಮ ದೇಶಕ್ಕೂ ಬಂತು. ಅದರಲ್ಲಿ ಅಕೌಂಟ್ ತಾನಾಗಿಯೇ ಪ್ರೈವೇಟ್ ಇರುತ್ತದೆ, ಗುರುತಿಲ್ಲದವರು ಮೆಸೇಜ್ ಕಳಿಸಲು ಆಗುವುದಿಲ್ಲ, ರಾತ್ರಿ 10ರಿಂದ ಬೆಳಗ್ಗೆ 7ರ ತನಕ ನೋಟಿಫಿಕೇಶನ್ ಸದ್ದು ಮಾಡುವುದಿಲ್ಲ. 16ರೊಳಗಿನ ಮಕ್ಕಳು ಇದನ್ನು ಸಡಿಲ ಮಾಡಬೇಕೆಂದರೆ ಪಾಲಕರ ಒಪ್ಪಿಗೆ ಬೇಕು. ಮಗಳಿಗೆ 45 ವರ್ಷ ಅಂತ ಬರೆದಿದ್ದರೆ ಇದ್ಯಾವುದೂ ಸಿಗುವುದಿಲ್ಲ ಅಲ್ವಾ? ಅದಕ್ಕೇ ಹಳೇ ಅಕೌಂಟ್ ತೆಗೆದು, ಸರಿಯಾದ ತಾರೀಖು ಹಾಕಿ ಹೊಸದು ಮಾಡಿಸುತ್ತೇವೆ. 13 ಆಗದಿದ್ದರೆ ಕಾಯಲು ಹೇಳುತ್ತೇವೆ. ಅಳುತ್ತಾರೆ. ಆದರೂ ನಾನು ಬಿಟ್ಟುಕೊಡುವುದಿಲ್ಲ.

ಪಾಲಕರು ತಮ್ಮ ಫೋನಿನಿಂದಲೇ ಮಗುವಿನ ಫೋನಿಗೆ ಮಿತಿ ಹಾಕುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಒಳ್ಳೆಯದು, ದುಡ್ಡೂ ಕೇಳುವುದಿಲ್ಲ. ಆದರೆ ಅದು ಮಗುವಿಗೆ ಬೇರೆ ಫೋನ್ ಇರುವ ಮನೆಗೆ. ಒಂದೇ ಫೋನ್ ಇರುವವರಿಗೆ ನಾನು ಸಣ್ಣ ಸಣ್ಣ ಕೆಲಸ ಹೇಳುತ್ತೇನೆ. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಳ್ಳಿ, ಆಗ ಸೆಟ್ಟಿಂಗ್ಸ್ ನೀವೇ ಓದಬಹುದು. ಫೋನ್‌ಪೇಗೆ ಲಾಕ್ ಹಾಕಿ, ಪಿನ್ ಮಕ್ಕಳಿಗೆ ಹೇಳಬೇಡಿ. ವಾಟ್ಸ್ಯಾಪ್‌ನ ಪ್ರೈವಸಿಗೆ ಹೋಗಿ, ಗ್ರೂಪಿಗೆ ಸೇರಿಸುವುದು ಮತ್ತು ಪ್ರೊಫೈಲ್ ಫೋಟೋ ನೋಡುವುದು ಎರಡನ್ನೂ ನಿಮ್ಮ ಕಾಂಟ್ಯಾಕ್ಟ್‌ನಲ್ಲಿ ಇರುವವರಿಗೆ ಮಾತ್ರ ಬಿಡಿ. ರಾತ್ರಿ ಫೋನ್ ಚಾರ್ಜಿಗೆ ಹಾಕುವುದು ಪಡಸಾಲೆಯಲ್ಲಿ. ಇಷ್ಟಕ್ಕೆ ಅರ್ಧ ತಾಸು ಸಾಕು.

ಅರ್ಧ ತಾಸಿನಲ್ಲಿ ಮುಗಿಯದ ಕೆಲಸವೂ ಇದೆ. ಕಳೆದ ವರ್ಷ ಒಬ್ಬ ಹುಡುಗಿ ಕ್ಲಾಸಿನಲ್ಲಿ ಸುಮ್ನೆ ಕೂರತೊಡಗಿದಳು. ಡಬ್ಬಿ ಬಿಚ್ಚುತ್ತಿರಲಿಲ್ಲ. ಮೂರು ವಾರದ ಮೇಲೆ ನನ್ನ ಹತ್ತಿರ ಬಂದು ಹೇಳಿದಳು. ಆನ್‌ಲೈನಿನಲ್ಲಿ ಹುಡುಗಿ ಅಂತ ಗೆಳೆತನ ಮಾಡಿದ ಯಾರೋ ಒಬ್ಬರು ಇವಳ ಮುಖವನ್ನು ಬೆತ್ತಲೆ ಚಿತ್ರಕ್ಕೆ ಅಂಟಿಸಿ, ದುಡ್ಡು ಕೊಡದಿದ್ದರೆ ಎಲ್ಲರಿಗೂ ಕಳಿಸುತ್ತೇನೆ ಅಂದಿದ್ದರು. "ಅವ್ವಗ ಯಾಕ ಹೇಳಲಿಲ್ಲವಾ?" ಅಂದೆ. "ಫೋನ್ ಕಸಗೋತಾಳ್ರಿ ಅಕ್ಕೋರ, ಸಾಲಿ ಬಿಡಸ್ತಾರ" ಅಂದಳು. ದುಡ್ಡು ಕೇಳಿದವನಿಗಿಂತ ಜಾಸ್ತಿ ಅವಳು ಮನೆಯವರಿಗೆ ಹೆದರಿದ್ದಳು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ನನ್ನ ಮೊದಲ ಸಭೆಗೆ ಅವಳ ತಾಯಿಯೂ ಬಂದಿದ್ದರು.

ತಾಯಿಯನ್ನು ಕರೆಸಿ, ಮೊದಲು ಅವರೊಬ್ಬರ ಹತ್ತಿರವೇ ಮಾತಾಡಿದೆ. ಬೈಯುವುದಿಲ್ಲ ಅಂತ ಮಾತು ತಗೊಂಡ ಮೇಲೆ ಮಗಳನ್ನು ಒಳಗೆ ಕರೆದೆ. ಅವ್ವ ಏನೂ ಅನ್ನಲಿಲ್ಲ. ಸೆರಗಿನಿಂದ ಮಗಳ ಮುಖ ಒರೆಸಿದರು, ಅಷ್ಟೇ.

ಚಿತ್ರವನ್ನು ಓಣಿಯ ಗ್ರೂಪಿಗೆ ಹಾಕಿ ಅವನ ಮಾನ ಕಳೆಯೋಣ ಅಂತ ಸೋದರಮಾವ ಹೊರಟಿದ್ದರು. ತಡೆದೆ. 18ರೊಳಗಿನ ಮಕ್ಕಳ ಅಂಥ ಚಿತ್ರವನ್ನು ಬೇರೆಯವರಿಗೆ ಕಳಿಸುವುದೇ ಐಟಿ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಮೆಸೇಜ್ ಅಳಿಸಲಿಲ್ಲ, ಉತ್ತರ ಕೊಡಲಿಲ್ಲ, ದುಡ್ಡು ಹಾಕಲಿಲ್ಲ. ಅವನ ಅಕೌಂಟಿನ ಹೆಸರು, ಲಿಂಕು, ದುಡ್ಡು ಕೇಳಿದ ಮೆಸೇಜು ಉಳಿಸಿಕೊಂಡ ಮೇಲೆಯೇ ರಿಪೋರ್ಟ್ ಮಾಡಿ ಬ್ಲಾಕ್ ಮಾಡಿದೆವು. ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಹಾಕಿ, ಫೋನ್ ಹಿಡಿದುಕೊಂಡು ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋದೆವು. ಮಕ್ಕಳ ವಿಷಯದಲ್ಲಿ ಆ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಮಕ್ಕಳ ಸಹಾಯವಾಣಿ 1098. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಟೇಕ್ ಇಟ್ ಡೌನ್ ಅಂತ ಒಂದು ಸೇವೆಯೂ ಇದೆ. ಚಿತ್ರ ನಿಮ್ಮ ಫೋನ್ ಬಿಟ್ಟು ಎಲ್ಲೂ ಹೋಗುವುದಿಲ್ಲ, ಅದರ ಒಂದು ಗುರುತಿನ ಸಂಖ್ಯೆ ಮಾತ್ರ ಈ ಸೇವೆಗೆ ಸೇರಿಕೊಂಡ ಇನ್‌ಸ್ಟಾಗ್ರಾಂನಂಥ ಕಂಪನಿಗಳಿಗೆ ಹೋಗುತ್ತದೆ. ಅದನ್ನು ಹಿಡಿದು ಅವರು ಚಿತ್ರ ಹುಡುಕಿ ತೆಗೆಯುತ್ತಾರೆ.

ಈಗ ಪ್ರತಿ ಸಭೆಯ ಕೊನೆಗೆ ತಾಯಿ ತನ್ನ ಮಗುವಿನ ಮುಖ ನೋಡಿ ಒಂದು ಮಾತು ಹೇಳಬೇಕು: "ಏನ ಆಗಲಿ, ನನಗ ಹೇಳು. ನಾ ಫೋನ್ ಕಸಗೊಳ್ಳಂಗಿಲ್ಲ, ಸಾಲಿ ಬಿಡಸಂಗಿಲ್ಲ." ಕೆಲವರಿಗೆ ಮಾತು ಹೊರಡುವುದಿಲ್ಲ. ನಾನು ಕಾಯುತ್ತೇನೆ.

ಅಪ್ಪಂದಿರು ಮಾತ್ರ ಇನ್ನೂ ಸಭೆಗೆ ಬರುವುದು ಕಮ್ಮಿ. ಶಾಲೆ ಬಿಡುವ ಹೊತ್ತಿಗೆ ಅವರ ಕೆಲಸ ಮುಗಿದಿರುವುದಿಲ್ಲ. ಬರುವ ಭಾನುವಾರ ನಾನೇ ಮಗ್ಗದ ಮನೆಗಳಿಗೆ ಹೋಗುತ್ತಿದ್ದೇನೆ. ನಾಲ್ಕು ಮನೆಯವರು ಬನ್ನಿ ಅಂದಿದ್ದಾರೆ.